ಕೆಂಪು ಇಂಕಿನ ಷರಾ

ಕುದೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಆರು ವರ್ಷದಿಂದ ಆನ್‌ಲೈನಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೇನೆ. ಯಾವ ಸಂಸ್ಥೆಯ ಹಂಗೂ ಇಲ್ಲ, ವಿದ್ಯಾರ್ಥಿಗಳನ್ನು ನಾನೇ ಹುಡುಕಿಕೊಂಡವಳು. ಮೊದಲ ಪಾಠ ಎಲ್ಲರಿಗೂ ಒಂದೇ: ಅಪ್ಪ, ಅಮ್ಮ, ಅಕ್ಕ, ತಂಗಿ. "ನಿಮಗೆ ಅಕ್ಕ ಇದ್ದಾರಾ?" ಎಂದು ನಾನು ಕೇಳಬೇಕು, ಅವರು ಉತ್ತರ ಕೊಟ್ಟು ಅದನ್ನೇ ನನಗೆ ಕೇಳಬೇಕು. "ಇಲ್ಲ, ನಾನೊಬ್ಬಳೇ" ಎಂದು ಎಷ್ಟು ಸಲ ಹೇಳಿದ್ದೇನೋ.

ಕಳೆದ ವರ್ಷ ನನಗೊಂದು ಹುಚ್ಚು ಹಿಡಿಯಿತು. ಹೀಗೆ ಆನ್‌ಲೈನಿನಲ್ಲಿ ದುಡಿಯುವವರಿಗೆ ಒಂದು ವರ್ಷ ಇರಲು ವೀಸಾ ಕೊಡುವ ದೇಶವೊಂದಿದೆ, ಅದು ಕಡಲ ತೀರದಲ್ಲಿದೆ ಎಂದು ತಿಳಿಯಿತು. ಮೂವತ್ತು ದಾಟಿದರೂ ನಾನು ಸಮುದ್ರ ನೋಡಿಲ್ಲ. ಒಂದು ವರ್ಷವಾದರೂ ಅಲ್ಲಿ ಕೂತು ಪಾಠ ಮಾಡಬೇಕು ಎಂದು ಆಸೆಯಾಯಿತು. ವಿದ್ಯಾರ್ಥಿಗಳ ಪತ್ರ, ಬ್ಯಾಂಕಿನ ಕಾಗದ, ಪೊಲೀಸರ ಕಾಗದ ಎಲ್ಲ ಸೇರಿಸಿದೆ. ಉಳಿದದ್ದು ಜನನ ಪತ್ರ ಒಂದೇ. ಪಾಸ್‌ಪೋರ್ಟಿಗೆ ಹತ್ತನೇ ತರಗತಿಯ ಅಂಕಪಟ್ಟಿ ಸಾಕಾಗಿತ್ತು, ಇವರಿಗೆ ಸಾಲದು.

"ಅದೆಲ್ಲೋ ಕಳ್ದೋಯ್ತು ಕಣವ್ವ, ಈಗ್ಯಾಕೆ" ಎಂದ ಅಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತ ಕೂತಳು.

ನಕಲು ತರಲು ಮಾಗಡಿಗೆ ಹೋದೆ. ಕಚೇರಿಯ ಗುಮಾಸ್ತರು ಹಳೇ ರಿಜಿಸ್ಟರ್ ತೆಗೆದರು. ತಾರೀಕು, ಅಪ್ಪ ಅಮ್ಮನ ಹೆಸರು ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಅವರ ಬೆರಳು ಷರಾ ಕಾಲಂಗೆ ಬಂದು ನಿಂತಿತು. ಅಲ್ಲಿ ಕೆಂಪು ಇಂಕಿನಲ್ಲಿ ಏನೋ ಬರೆದಿತ್ತು.

"ಈ ಮಗು ಒಂದೂವರೆ ವರ್ಷಕ್ಕೇ ತೀರ್ಕೊಂಡೈತಲ್ಲಮ್ಮ" ಅಂದರು. ಮರಣದ ರಿಜಿಸ್ಟರನ್ನೂ ತೆರೆದು ತೋರಿಸಿದರು. ಅಲ್ಲಿದ್ದದ್ದು ನನ್ನ ಹೆಸರು.

ನಾನು ರೇಗಿದೆ. ಎದುರಿಗೆ ನಿಂತಿರುವವಳು ದೆವ್ವವೇ ಎಂದು ಕೇಳಿದೆ. ಪಾಪ, ಅವರು ತಮ್ಮ ನೀರಿನ ಬಾಟಲಿಯನ್ನು ನನ್ನ ಮುಂದಿಟ್ಟರು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಹುಳದ ತಟ್ಟೆಗಳಿಗೆಲ್ಲ ಸೊಪ್ಪು ಹಾಕಿ ಮುಗಿಸಿ ಅವಳು ಹೇಳಿದಳು.

"ಅವ್ಳು ಮೊದಲ್ನೇವ್ಳು. ಮಾಗಡಿ ಆಸ್ಪತ್ರೇಲಿ ಹುಟ್ಟಿದ್ಲು, ಒಂದೂವರೆ ವರ್ಸಕ್ಕೆ ಜರ ಬಂದು ಅಲ್ಲೇ ಹೋಗ್ಬುಟ್ಲು. ನೀನು ತಿಪ್ಪಸಂದ್ರದಲ್ಲಿ ನಮ್ಮವ್ವನ ಮನೇಲಿ ಹುಟ್ಟಿದ್ದು. ಅವ್ಳೇ ತಿರ್ಗಾ ಬಂದವ್ಳೆ ಅಂತ ಎಲ್ರೂ ಅಂದ್ರು, ಅದೇ ಹೆಸ್ರು ಇಕ್ಕುದ್ವಿ. ಇಸ್ಕೂಲ್ನಲ್ಲಿ ಮೇಷ್ಟ್ರು ಹುಟ್ಟಿದ್ ಚೀಟಿ ಕೇಳುದ್ರು. ಮನೇಲಿ ಇದ್ದುದ್ದು ಅವ್ಳದೊಂದೇ. ನಿಮ್ಮಪ್ಪ ಅದ್ನೇ ಕೊಟ್ಬುಟ್ರು."

"ಹಂಗಾದ್ರೆ ನಾನು ಹುಟ್ಟಿದ್ದು ಯಾವತ್ತು?"

"ಅವರೇಕಾಯಿ ಕಾಲ. ತಾರೀಕು ಯಾರ್ಗೆ ಗೊತ್ತಿತ್ತು."

ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಅಮ್ಮ ಪಾಯಸ ಮಾಡಿ, ತಾನು ಮಾತ್ರ ಒಪ್ಪೊತ್ತು ಇರುತ್ತಿದ್ದಳು. ನನ್ನ ಒಳಿತಿಗೆಂದು ಹೊತ್ತ ಹರಕೆ ಎಂದುಕೊಂಡು ಬೀಗುತ್ತಿದ್ದೆ. ಅದು ಅಕ್ಕನ ಪಾಯಸ.

ವಕೀಲರನ್ನು ಕಂಡೆ. ಸತ್ತ ಮಗಳು ಬೇರೆ, ಈ ಮಗಳು ಬೇರೆ ಎಂದು ಅಮ್ಮ ಕೋರ್ಟಿನಲ್ಲಿ ಹೇಳಿದರೆ ನನಗೆ ಹೊಸ ಜನನ ಪತ್ರ ಸಿಗುತ್ತದೆ, ಉಳಿದ ಕಾಗದಗಳನ್ನೂ ತಿದ್ದಿಸಬಹುದು ಅಂದರು. ಅಪ್ಪ ತೀರಿ ಎಂಟು ವರ್ಷ. ಹೇಳಬಲ್ಲವಳು ಅಮ್ಮ ಒಬ್ಬಳೇ.

"ನೀನು ಎಲ್ಲಿಗಾದ್ರೂ ಹೋಗವ್ವ, ಬ್ಯಾಡ ಅನ್ನಲ್ಲ" ಅಂದಳು ಅಮ್ಮ. "ಅವ್ಳು ಸತ್ಲು ಅಂತ ಮಾತ್ರ ನನ್ ಬಾಯಲ್ಲಿ ಹೇಳುಸ್ಬ್ಯಾಡ. ಒಂದಿನಾನೂ ನಾನು ಅಂಗಂದಿಲ್ಲ."

ಸತ್ತವಳಿಗೋಸ್ಕರ ಬದುಕಿರುವವಳನ್ನು ಕಟ್ಟಿಹಾಕುತ್ತೀಯಾ ಎಂದುಬಿಟ್ಟೆ. ಆ ಮಾತು ಆಡಬಾರದಿತ್ತು. ಮೂರನೆಯ ದಿನ ವೀಸಾ ಸಂದರ್ಶನಕ್ಕೆ ಗೊತ್ತುಮಾಡಿದ್ದ ದಿನವನ್ನು ನಾನೇ ರದ್ದು ಮಾಡಿದೆ. ಮನಸ್ಸಿಲ್ಲದೆ ಮಾಡಿದೆ, ಸುಳ್ಳು ಹೇಳಲಾರೆ.

ಹೋದ ವಾರ ಹೊಸ ವಿದ್ಯಾರ್ಥಿನಿಯೊಬ್ಬಳು ಸೇರಿದಳು. ಚನ್ನಪಟ್ಟಣದವರ ಮನೆಯ ವಿದೇಶಿ ಸೊಸೆ, ಅತ್ತೆಯ ಜೊತೆ ಮಾತಾಡಲು ಕನ್ನಡ ಕಲಿಯಬೇಕಂತೆ. ಮೊದಲ ಪಾಠ. ಅಮ್ಮ ಕಾಫಿ ಹಿಡಿದು ಮಹಡಿ ಹತ್ತಿ ಬರುವುದಕ್ಕೂ ಅವಳು ಕೇಳುವುದಕ್ಕೂ ಸರಿಹೋಯಿತು: "ನಿಮಗೆ ಅಕ್ಕ ಇದ್ದಾರಾ?"

"ಇದ್ದಾಳೆ" ಅಂದೆ.

"ಅವರ ಹೆಸರು ಏನು?"

ನನ್ನ ಹೆಸರು ಹೇಳಿದೆ. ಪ್ರಶ್ನೆ ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವಳು ಒಂದೊಂದೇ ಪದ ಬಿಡಿಸಿ ಮತ್ತೆ ಕೇಳಿದಳು. ನಾನೂ ಅದೇ ಹೆಸರನ್ನು ಮತ್ತೆ ಹೇಳಿದೆ. ಬಾಗಿಲಲ್ಲಿ ಅಮ್ಮ ಕಾಫಿ ಲೋಟ ಹಿಡಿದುಕೊಂಡೇ ನೆಲದ ಮೇಲೆ ಕೂತಳು.