ನೈನೈ ನನ್ನನ್ನು ದಾಟಿಸಿದ ಮಧ್ಯಾಹ್ನ

ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಿದ್ದ ಕಾಲ ಅದು. ಮೆಲ್ಬರ್ನಿನಲ್ಲಿ ಬೆಳೆದ ನನ್ನ ಓರಗೆಯವರಿಗೆ ಇಷ್ಟು ಹೇಳಿದರೆ ಸಾಕು, ಆ ಬೇಸಿಗೆಗಳು ನೆನಪಾಗುತ್ತವೆ. ಮಳೆಗೆ ನಮ್ಮ ಊರು ಮರೆತೇ ಹೋದಂತಿತ್ತು. ಊರಾಚೆಯ ಕಾಡಿಗೆ ಬೆಂಕಿ ಬಿದ್ದಾಗ ನಾವಿದ್ದ ಬಾಕ್ಸ್ ಹಿಲ್‌ವರೆಗೂ ಹೊಗೆ ಬರುತ್ತಿತ್ತು. ಒಣಹಾಕಿದ ಬಟ್ಟೆಯಲ್ಲೆಲ್ಲ ನೀಲಗಿರಿ ಎಲೆ ಸುಟ್ಟ ವಾಸನೆ.

ನಾನಾಗ ಮೂರನೇ ಗ್ರೇಡ್ ಮುಗಿಸಿದ್ದೆ. ಅಪ್ಪನಿಗೆ ಸಿಟಿಯಲ್ಲಿ ಐಟಿ ಕೆಲಸ, ಅಮ್ಮನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ. ರಜೆ ಬಂದರೆ ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಅದು ಚೀನಾದಿಂದ ಬಂದ ವೇಯ್ ಅಂಕಲ್ ಮನೆ. ಅಂಕಲ್ ಗರಾಜಿನಲ್ಲಿ ಹಳೆಯ ಪಿಯಾನೊಗಳನ್ನು ರಿಪೇರಿ ಮಾಡುತ್ತಿದ್ದರು. ಒಂದೇ ಸ್ವರವನ್ನು ಸರಿಹೋಗುವ ತನಕ ಒತ್ತುತ್ತಲೇ ಇರುತ್ತಿದ್ದರು. ಆ ಸದ್ದು ಮನೆಯನ್ನೆಲ್ಲ ತುಂಬಿರುತ್ತಿತ್ತು. ಅವರ ಮಗಳು ಲಿಲಿ ನನಗಿಂತ ಸ್ವಲ್ಪ ದೊಡ್ಡವಳು. ಅಂಕಲ್‌ನ ತಾಯಿಯನ್ನು ಅವಳು ನೈನೈ ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ನಾನೂ ಹಾಗೆಯೇ ಕರೆದೆ.

ನೈನೈಗೆ ಇಂಗ್ಲಿಷ್ ಬಾರದು, ನನಗೆ ಚೀನೀ ಬಾರದು. ಆದರೂ ನಾವು ಚೆನ್ನಾಗಿಯೇ ಇದ್ದೆವು. ನಾನೂ ಲಿಲಿಯೂ ಅಂಗಳದಲ್ಲಿ ಎಲಾಸ್ಟಿಕ್ ಪಟ್ಟಿ ಕಟ್ಟಿ ಹಾರುವ ಆಟ ಆಡುತ್ತಿದ್ದರೆ, ಲಿಲಿ ಒಳಗೆ ಹೋದಾಗ ನೈನೈ ಬಂದು ಎಲಾಸ್ಟಿಕ್ಕನ್ನು ತನ್ನ ಕಾಲಿಗೆ ಸಿಕ್ಕಿಸಿಕೊಂಡು ಕಂಬದ ಹಾಗೆ ನಿಂತುಬಿಡುತ್ತಿತ್ತು. ಮಧ್ಯಾಹ್ನ ಹಬೆಯಲ್ಲಿ ಬೇಯಿಸಿದ ಬನ್ನು, ಒಳಗೆ ಬೆಳ್ಳುಳ್ಳಿ ಘಮದ ಸೊಪ್ಪು. ಅಮ್ಮ ಡಬ್ಬಿಗೆ ಹಾಕಿಕೊಟ್ಟ ಚಿತ್ರಾನ್ನದಲ್ಲಿ ಕಡಲೆಬೀಜ ಆರಿಸಿ ತಿನ್ನುವುದು ಅಜ್ಜಿಗೆ ಬಲು ಇಷ್ಟ.

ಆ ಬೇಸಿಗೆಯಲ್ಲಿ ನೈನೈ ಬದಲಾಗತೊಡಗಿತು. ನಡುಹಗಲಲ್ಲೇ ಕಿಟಕಿಗಳ ಎಲ್ಲ ಬ್ಲೈಂಡ್‌ಗಳನ್ನೂ ಎಳೆದು, ನೆಲಕ್ಕೆ ಕಿವಿಯಿಟ್ಟು ಏನನ್ನೋ ಆಲಿಸುತ್ತಿತ್ತು. ಆಮೇಲೆ ಅಲ್ಲಲ್ಲಿ ಅಕ್ಕಿ ಸಿಗತೊಡಗಿತು. ಬೇಲಿಯ ಹಲಗೆಸಂದಿನಲ್ಲಿ ಒಂದು ಹಿಡಿ, ಗುಲಾಬಿ ಬುಡದ ಮಣ್ಣಿನೊಳಗೆ ಒಂದು ಹಿಡಿ. ಒಂದು ದಿನ ಶೂ ಹಾಕಿಕೊಳ್ಳಲು ಹೋದರೆ ನನ್ನ ಶೂವಿನೊಳಗೂ ಅಕ್ಕಿ.

“ಅಜ್ಜಿಗೆ ವಯಸ್ಸಾಯ್ತಲ್ಲ ಪುಟ್ಟಿ, ಮರೆವು. ನೀನೇನೂ ಅನ್ಬೇಡ,” ಎಂದಳು ಅಮ್ಮ.

ನನ್ನನ್ನು ಕರೆಯುವ ರೀತಿಯೂ ಬದಲಾಯಿತು. ಕೆನ್ನೆ ಹಿಡಿದು “ಮೇಯ್‌ಮೇಯ್” ಎನ್ನುತ್ತಿತ್ತು. ಹಾಗೆಂದರೇನು ಎಂದು ಲಿಲಿಯನ್ನು ಕೇಳಿದೆ.

“ಲಿಟ್ಲ್ ಸಿಸ್ಟರ್,” ಎಂದಳು. “ಫನ್ನಿ ಅಲ್ವಾ? ನೈನೈಗೆ ಸಿಸ್ಟರೇ ಇಲ್ಲ.”

ಹೊಗೆ ತುಂಬ ದಟ್ಟವಾಗಿದ್ದ ಒಂದು ದಿನ. ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ರೇಡಿಯೊದಲ್ಲಿ ಹೇಳಿದ್ದರು. ಸೂರ್ಯ ಕುಂಕುಮದ ಬೊಟ್ಟಿನಂತಿದ್ದ, ನೆಟ್ಟನೋಟದಿಂದ ನೋಡಬಹುದಿತ್ತು. ಹಕ್ಕಿಗಳ ಸದ್ದೇ ಇರಲಿಲ್ಲ. ಲಿಲಿ ಮಲಗಿದ್ದಳು, ಅಂಕಲ್ ಗರಾಜಿನಲ್ಲಿದ್ದರು. ಆಗ ಬೀದಿಯ ಕೊನೆಯ ಆಟದ ಮೈದಾನದ ಕಡೆಯಿಂದ ಯಾರೋ ಲೌಡ್‌ಸ್ಪೀಕರಿನಲ್ಲಿ ಮಾತಾಡಿದರು. ವಾರಾಂತ್ಯದ ಪಂದ್ಯಕ್ಕೆ ಮೈಕ್ ಪರೀಕ್ಷೆ ಮಾಡುತ್ತಿದ್ದರೋ ಏನೋ, ಎರಡು ಮಾತಾಡಿ ಸುಮ್ಮನಾದರು.

ನೈನೈ ಎದ್ದು ನಿಂತಿತು. ನನ್ನ ಕೈ ಹಿಡಿದು, ತುಟಿಗೆ ಬೆರಳಿಟ್ಟು, ಹಿತ್ತಿಲ ಗೇಟಿನಿಂದ ಹೊರಟಿತು.

ಮೈದಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬರದಿಂದ ಹುಲ್ಲು ಹಳದಿಯಾಗಿ ಮುರಿಯುತ್ತಿತ್ತು. ಬೌಂಡರಿಯ ಬಿಳಿ ಗೆರೆಯ ಹತ್ತಿರ ನೈನೈ ನನ್ನನ್ನು ಮಲಗಿಸಿ ತಾನೂ ಬೋರಲಾಗಿ ಮಲಗಿತು. ಜೇಬಿನಿಂದ ಅಕ್ಕಿ ತೆಗೆದು ಎರಡೆರಡೇ ಕಾಳು ನನ್ನ ಬಾಯಿಗಿಟ್ಟಿತು. ಆಮೇಲೆ ನನ್ನ ಕಿವಿಗೆ ಬಾಯಿ ತಂದು ಮಾತಾಡತೊಡಗಿತು. ಎಷ್ಟೋ ಹೊತ್ತು. ಒಮ್ಮೆ ಅತ್ತಿತು, ಒಮ್ಮೆ ಸಣ್ಣಗೆ ನಕ್ಕಿತು, ಒಮ್ಮೆ ಯಾರೋ ನಡೆದುಹೋಗುತ್ತಿದ್ದಾರೆ ಎಂಬಂತೆ ನನ್ನ ಬಾಯಿ ಮುಚ್ಚಿತು. ನಾನೂ ಉಸಿರು ಬಿಗಿಹಿಡಿದೆ. ನಮ್ಮ ಸುತ್ತ ಹುಲ್ಲಿನಲ್ಲಿ ಇನ್ನೂ ಬಹಳ ಜನ ಮಲಗಿದ್ದಾರೆ ಎಂದು ಆಗ ನನಗೆ ಅನ್ನಿಸಿತು. ನೋಡಲು ಧೈರ್ಯವಾಗಲಿಲ್ಲ. ಈಗಲೂ ಅದನ್ನು ಬರೀ ಭ್ರಮೆ ಎಂದು ತಳ್ಳಿಹಾಕಲಾರೆ.

ಕೊನೆಗೆ ನೈನೈ ತನ್ನ ಸ್ವೆಟರ್ ಬಿಚ್ಚಿ ಆ ಸೆಕೆಯಲ್ಲೂ ನನಗೆ ತೊಡಿಸಿತು. ಗೆರೆಯ ಆಚೆಗೆ ನನ್ನನ್ನು ದೂಡಿ, ಹೋಗು ಎಂದು ಕೈಬೀಸಿತು. ಹೆದರಿ ಮರಳಿ ಬಂದರೆ ಮತ್ತೆ ದೂಡಿತು. ನಡೆದೆ. ಮೈದಾನದ ಮಧ್ಯದಿಂದ ತಿರುಗಿ ನೋಡಿದಾಗ ಬೀಸುವ ಕೈ ಕಾಣುತ್ತಿತ್ತು. ಆಚೆ ಬದಿ ತಲುಪಿ ತಿರುಗಿ ನೋಡಿದರೆ ಹೊಗೆ ಬಿಟ್ಟು ಏನೂ ಇರಲಿಲ್ಲ.

ಅಂಕಲ್ ಮತ್ತು ಲಿಲಿ ಓಡಿಬಂದಾಗ ಅಜ್ಜಿ ಮುಖ ಕೆಳಗಾಗಿ ಅಲ್ಲಾಡದೆ ಬಿದ್ದಿತ್ತು. ಲಿಲಿಯ ಕಿರುಚಾಟ ಕೇಳಿ ನಾನೂ ಅತ್ತ ಓಡಿದೆ. ಅಂಕಲ್ ಎತ್ತಿ ಕೂರಿಸಿದಾಗ ಅಜ್ಜಿ ಕಣ್ಣುಬಿಟ್ಟು ಏನೋ ಕೇಳಿತು. ಅಂಕಲ್ ಮುಖ ಬಿಳುಚಿಕೊಂಡಿತು.

“ಏನಂತೆ?” ಎಂದೆ.

“ತಂಗಿ ದಾಟಿದಳಾ ಅಂತ ಕೇಳ್ತಿದಾಳೆ,” ಎಂದಳು ಲಿಲಿ. ಆಮೇಲೆ ಅವಳೇ ಅಜ್ಜಿಯ ಕೆನ್ನೆ ಸವರಿ, ದಾಟಿದಳು ಎಂದು ಅವರ ಭಾಷೆಯಲ್ಲಿ ಹೇಳಿದಳು.

ಸಂಜೆ ಅಂಕಲ್ ನಮ್ಮ ಮನೆಗೆ ಬಂದು ಕೈಮುಗಿಯುವಂತೆ ನಿಂತರು. ಅಪ್ಪನಿಗೆ ಕೋಪ ಇಳಿದಿರಲಿಲ್ಲ. “ಏನಾದ್ರೂ ಆಗಿದ್ರೆ ಯಾರು ಹೊಣೆ? ಇನ್ಮೇಲೆ ಅಲ್ಲಿಗೆ ಕಳ್ಸಲ್ಲ,” ಎಂದು ಅಮ್ಮನಿಗೆ ಕನ್ನಡದಲ್ಲಿ ಹೇಳಿದ.

“ಮೊದ್ಲು ಅವ್ರು ಹೇಳೋದು ಕೇಳ್ರೀ,” ಎಂದಳು ಅಮ್ಮ.

ಅಂಕಲ್ ಹೇಳಿದರು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಚೀನಾದಲ್ಲಿ ಅಂತರ್ಯುದ್ಧ. ಅವರ ತಾಯಿಯಿದ್ದ ಊರಿನೊಳಗೆ ರಾಷ್ಟ್ರವಾದಿಗಳ ಸೈನ್ಯ, ಸುತ್ತ ಮುತ್ತಿಗೆ ಹಾಕಿದ್ದ ಕಮ್ಯುನಿಸ್ಟರ ಸೈನ್ಯ. ಊರಲ್ಲಿ ಅನ್ನವಿಲ್ಲ. ಊರು ಬಿಟ್ಟು ಹೊರಟ ಜನರನ್ನು ಒಳಗಿನ ಸೈನ್ಯ ಮರಳಿ ಸೇರಿಸಲಿಲ್ಲ, ಹೊರಗಿನ ಸೈನ್ಯ ಆಚೆ ದಾಟಲು ಬಿಡಲಿಲ್ಲ. ನಡುವಿನ ಬಯಲಿನಲ್ಲಿ ಹುಲ್ಲು ತಿಂದು ಜನ ಸತ್ತರು. ಶರಣಾಗಿ ಎಂದು ಲೌಡ್‌ಸ್ಪೀಕರುಗಳು ಕೂಗುತ್ತಿದ್ದವಂತೆ.

“ಅಮ್ಮ ಒಬ್ಬಳೇ ದಾಟಿ ಬಂದಳು ಅಂತ ನಮ್ಮ ತಂದೆ ಹೇಳಿದ್ದರು,” ಎಂದರು ಅಂಕಲ್. “ಜೊತೆಯಲ್ಲಿ ತಂಗಿ ಇದ್ದಳು ಅಂತ ನನಗೆ ಗೊತ್ತಾಗಿದ್ದು ಇವತ್ತು.”

ಅಪ್ಪ ಎದ್ದುಹೋಗಿ ಅಂಕಲ್‌ಗೆ ನೀರು ತಂದುಕೊಟ್ಟ.

ಮರುದಿನ ಅಮ್ಮ ಮೆತ್ತಗೆ ಕಲಸಿದ ತಿಳಿಸಾರನ್ನ ಹಿಡಿದು ನನ್ನನ್ನೂ ಕರೆದುಕೊಂಡು ಹೋದಳು. ನೈನೈ ಬ್ಲೈಂಡ್ ತೆರೆದ ಕಿಟಕಿಯ ಬಳಿ ಸಮಾಧಾನವಾಗಿ ಕೂತಿತ್ತು. ಓಡಿಹೋಗಿ ಪಕ್ಕದಲ್ಲಿ ಕೂತೆ. ಯಾರ ಮನೆಯ ಮಗುವೋ ಎಂಬಂತೆ ನನ್ನನ್ನು ನೋಡಿ, ತಲೆಯಾಡಿಸಿ, ಮತ್ತೆ ಹೊರಗೆ ನೋಡತೊಡಗಿತು. ನಾನು ದಾಟಿ ಹೋಗಿಬಿಟ್ಟಿದ್ದೆ. ಆ ಚಳಿಗಾಲದಲ್ಲಿ ನೈನೈ ತೀರಿಕೊಳ್ಳುವವರೆಗೂ ನನ್ನ ಗುರುತು ಹಿಡಿಯಲಿಲ್ಲ.

ಈಗ ಆ ಎರಡು ಮನೆಗಳೂ ಇಲ್ಲ. ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನಾನೀಗ ಇರುವ ಕಡೆ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ಅಂಕಲ್ ಲಿಲಿಯ ಜೊತೆ ಸಿಡ್ನಿಯ ರೌಸ್ ಹಿಲ್‌ನಲ್ಲಿದ್ದಾರೆ. ಕಳೆದ ವರ್ಷ ಅವರೇ ಫೋನ್ ಮಾಡಿದ್ದರು. ಅದೂ ಇದೂ ಮಾತಾಡಿ ಕೊನೆಗೆ ಕೇಳಿದರು: “ಅವತ್ತು ಅಮ್ಮ ನಿನ್ನ ಹತ್ತಿರ ಅಷ್ಟು ಹೊತ್ತು ಮಾತಾಡಿದಳಲ್ಲ. ಒಂದು ಪದವಾದರೂ ನೆನಪಿದೆಯಾ? ಆ ತಂಗಿಯ ಹೆಸರೇನಾದರೂ?”

ತಾಯಿ ಮಗನಿಗೂ ಹೇಳದ್ದನ್ನೆಲ್ಲ ನನ್ನೊಬ್ಬಳ ಕಿವಿಯಲ್ಲಿ ಹೇಳಿದ್ದಳು. ಕಣ್ಣುಮುಚ್ಚಿ ಹುಡುಕಿದೆ. ಬಿಸಿಯುಸಿರು ನೆನಪಿತ್ತು. ದನಿಯ ಏರಿಳಿತವೂ ನೆನಪಿತ್ತು. ಮಾತು ಒಂದೂ ಇರಲಿಲ್ಲ.

“ಇಲ್ಲ ಅಂಕಲ್,” ಎಂದೆ.

“ಪರವಾಗಿಲ್ಲ, ಪರವಾಗಿಲ್ಲ,” ಎಂದರು. ಆದರೆ ಬಹಳ ಹೊತ್ತು ಫೋನ್ ಇಡಲಿಲ್ಲ.