ಭಾವನ ದನಿ ಮತ್ತು ಒಂದೇ ಪೆನ್‌ಡ್ರೈವ್

ಪೆನ್‌ಡ್ರೈವ್‌ಗೆ ನಾನು ಕೊಟ್ಟಿದ್ದು ಮುನ್ನೂರಾ ಎಂಬತ್ತು ರೂಪಾಯಿ. ಬೀದರಿನ ಅಂಗಡಿಯವರು ನಾಲ್ಕುನೂರಾ ಐವತ್ತು ಹೇಳಿದ್ದರು. ಬಾಗಿಲವರೆಗೆ ಹೋದಂತೆ ಮಾಡಿ ಇಳಿಸಿದೆ. ಭಾಲ್ಕಿಯಲ್ಲಿರುವ ಅಕ್ಕನ ಹಳೇ ಲ್ಯಾಪ್‌ಟಾಪ್ ತೀರಾ ನಿಧಾನವಾಗಿತ್ತು; ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಡಬೇಕಿತ್ತು.

"ಎರಡು ಒಯ್ರಿ ಸಾಹೇಬ್ರ," ಅಂದರು ಅಂಗಡಿಯವರು. "ಒಂದ್ರಾಗ ಹಳೇ ಫೈಲ್ ಇಡ್ರಿ, ಇನ್ನೊಂದ್ರಾಗ ಲಿನಕ್ಸ್ ಹಾಕ್ರಿ."

"ಅರವತ್ನಾಲ್ಕು ಜಿಬಿ ಅದ ಅಂತೀರಿ, ಎರಡಕ್ಕೂ ಜಾಗ ಸಾಲಂಗಿಲ್ಲೇನ್ರಿ? ಔರಾದ ಬಸ್ಸಿನ್ಯಾಗ ಮೂರು ಮಂದಿ ಸೀಟಿಗೆ ಐದು ಮಂದಿ ಕೂಡ್ತೇವಿ!"

ಅವರು ನಕ್ಕರು. ಗೆದ್ದೆನೆಂದು ನಾನೂ ನಕ್ಕೆ.

ಅಕ್ಕ ನಿವೃತ್ತ ಶಿಕ್ಷಕಿ. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶಕ್ಕೆ ನಮ್ಮ ಕಡೆಯ ಮಾತು ಕೇಳಿ ಗುರುತಿಸಲು ಕಲಿಸಬೇಕೆಂಬುದು ಅವಳ ಹಟ. ಅದಕ್ಕಾಗಿ ಔರಾದದಲ್ಲಿ ಹುಟ್ಟಿ ಬೆಳೆದ ಭಾವನನ್ನು ದಿನಾ ಲ್ಯಾಪ್‌ಟಾಪಿನ ಮುಂದೆ ಕೂರಿಸಿ ವಾಕ್ಯ ಓದಿಸುತ್ತಿದ್ದಳು. ಭಾವ ನಡುನಡುವೆ ಕೆಮ್ಮುವರು, "ಚಹಾ ಕೊಟ್ಟರ ಮುಂದಿಂದು ಓದ್ತೇನಿ ನೋಡು" ಎಂದು ಅಡ್ಡ ಹಾಕುವರು. ಅದೂ ರೆಕಾರ್ಡ್ ಆಗುತ್ತಿತ್ತು. ಅವರು ತೀರಿಕೊಂಡ ಮೇಲೆ ಅವರ ದನಿ ಉಳಿದದ್ದು ಅಲ್ಲಿ ಮಾತ್ರ. ಇನ್ನು ಅದನ್ನು ಆ ತಂತ್ರಾಂಶ ಕಟ್ಟುವವರಿಗೆ ಕಳಿಸುವುದು ಹೇಗೆಂದು ತಾನೇ ಕಲಿಯುತ್ತೇನೆಂದು ಅಕ್ಕ ನನ್ನನ್ನು ಕರೆಸಿದ್ದಳು.

ಮೊದಲು ಆ ಧ್ವನಿಗಳನ್ನೆಲ್ಲ ಪೆನ್‌ಡ್ರೈವ್‌ಗೆ ನಕಲು ಮಾಡಿದೆ.

"ಎಲ್ಲಾ ಬಂದಾವೇನೋ ತಮ್ಮಾ?"

"ಬಂದಾವ ಅಕ್ಕಾ, ಫಿಕರ್ ಮಾಡಬ್ಯಾಡ."

ಆಮೇಲೆ ಅದೇ ಪೆನ್‌ಡ್ರೈವ್‌ಗೆ ಲಿನಕ್ಸ್ ಏರಿಸಲು ಹೋದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಪರದೆಯ ಮೇಲೆ ಎಚ್ಚರಿಕೆ ಬಂತು. ಜಾಗ ಬೇಕಾದಷ್ಟಿದೆ, ಸುಮ್ಮನೆ ಹೆದರಿಸುತ್ತಾರೆ ಎಂದುಕೊಂಡು 'ಯೆಸ್' ಒತ್ತಿದೆ. ನಂತರ ಲ್ಯಾಪ್‌ಟಾಪನ್ನೂ ಪೂರ್ತಿ ಅಳಿಸಿ ಲಿನಕ್ಸ್ ಹಾಕಿದೆ. ಚೆನ್ನಾಗಿಯೇ ಓಡಿತು. ಧ್ವನಿಗಳನ್ನು ವಾಪಸು ಹಾಕಲು ಹುಡುಕಿದಾಗ ಎರಡು ಕಡೆಯೂ ಏನೂ ಇರಲಿಲ್ಲ.

ಬೀದರಿನ ಅಂಗಡಿಯವರು ಪೆನ್‌ಡ್ರೈವ್, ಲ್ಯಾಪ್‌ಟಾಪ್ ಎರಡನ್ನೂ ಎರಡು ದಿನ ಇಟ್ಟುಕೊಂಡು ಪ್ರಯತ್ನಿಸಿ, ಕೈಚೆಲ್ಲಿದರು. ಅವರು ಕೇಳಿದಷ್ಟು ಕೊಟ್ಟು ಬಂದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಪ್ಪಾಯಿತೆಂದು ಕಾಲು ಹಿಡಿಯುತ್ತಿದ್ದೆ.

"ಓದಿದ್ದು ಹೋಗ್ಲಿ," ಅಂದಳು. "ಕೆಮ್ಮಿದ್ದಾದ್ರೂ ಉಳದದೇನು, ಇನ್ನೊಮ್ಮಿ ನೋಡೋ."

ನೋಡಿದೆ. ಇರುವುದಿಲ್ಲವೆಂದು ಗೊತ್ತಿದ್ದೂ ಅವಳೆದುರು ಒಂದು ತಾಸು ಹುಡುಕಿದೆ.

ನೀವೂ ಯಾರಿಗಾದರೂ ಲಿನಕ್ಸ್ ಹಾಕಿಕೊಡುವವರಿದ್ದರೆ ಕೇಳಿ: ಲಿನಕ್ಸ್ ಏರಿಸುವ ಪೆನ್‌ಡ್ರೈವ್ ಖಾಲಿ ಇರಲಿ, ನಕಲು ಬೇರೆಯದರಲ್ಲಿ ಇರಲಿ. ಆ ನಕಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು, ಅದು ಯಾರದೋ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿ. ಅವರು ಹೂಂ ಅನ್ನುವ ತನಕ ಏನನ್ನೂ ಅಳಿಸಬೇಡಿ.