ಕತ್ತರಿ ಅಕ್ಕನ ಹೆಸರು ಕಳಿಸಿದ್ದು

ಆ ಸಾಬೂನು ಕಾರ್ಖಾನೆಯಿಂದ ಹೊರಗೆ ಹೋಗುವ ಕಾಗದ ಯಾವುದೇ ಇರಲಿ, ಮೊದಲು ಕತ್ತರಿ ಅಕ್ಕನ ಮೇಜಿಗೆ ಬರಬೇಕು. ನಿರ್ದೇಶಕರ ಭಾಷಣವಾಗಲಿ, ಪಕ್ಕದ ಬೀದಿಯವರಿಗೆ ಹೊಗೆಯ ಬಗ್ಗೆ ಬರೆದ ಸಮಜಾಯಿಷಿಯಾಗಲಿ, ಆಕೆ ಓದಿ, ಬೇಡದ್ದನ್ನು ಗೆರೆ ಎಳೆದು ಹೊಡೆದುಹಾಕಿ, ಮೂಲೆಯಲ್ಲಿ ಸಹಿ ಹಾಕಿದ ಮೇಲೇ ಅದು ಗೇಟು ದಾಟುತ್ತಿತ್ತು. ಕಾರ್ಖಾನೆಯ ಸಾರ್ವಜನಿಕ ಸಂಪರ್ಕಾಧಿಕಾರಿ ಎಂದರೆ ಆಕೆಯೇ. ಆದರೆ ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗಿದೆ? "ಅಪ್ರತಿಮ", "ಅತ್ಯುತ್ತಮ" ಎಂಬ ಮಾತು ಕಣ್ಣಿಗೆ ಬಿದ್ದರೆ ಸಾಕು, ಕೆಂಪು ಪೆನ್ನು ಹರಿಯುತ್ತಿತ್ತು. ಹಾಗಾಗಿ ಎಲ್ಲರಿಗೂ ಆಕೆ ಕತ್ತರಿ ಅಕ್ಕ.

ಬಾಯ್ಲರ್ ವಿಭಾಗದ ಫೋರ್ಮನ್‌ಗೆ ಈ ನಿಯಮ ಗಂಟಲಲ್ಲಿ ಸಿಕ್ಕಿಕೊಂಡದ್ದು, ಅಕ್ಕನ ಹೆಸರನ್ನೇ ಪ್ರಶಸ್ತಿಗೆ ಕಳಿಸಲು ಹೊರಟಾಗ. ಸಂಪರ್ಕಾಧಿಕಾರಿಗಳ ಸಂಘ ವರ್ಷಕ್ಕೊಬ್ಬರಿಗೆ ಜೀವಮಾನದ ಸಾಧನೆಗೆಂದು ಪ್ರಶಸ್ತಿ ಕೊಡುತ್ತದೆ. ಜೊತೆಗೆ ದುಡಿದವರು ಯಾರು ಬೇಕಾದರೂ ಹೆಸರು ಸೂಚಿಸಬಹುದು, ಕಾರ್ಖಾನೆಯ ಮೊಹರು ಇದ್ದರಾಯಿತು. ಆದರೆ ಕೆಲಸದಲ್ಲಿ ಇರುವವರಿಗಷ್ಟೇ ಪ್ರಶಸ್ತಿ. ಅಕ್ಕ ಈ ವರ್ಷವೇ ನಿವೃತ್ತಳಾಗುವವಳು. ಈ ಸಲ ತಪ್ಪಿದರೆ ತಪ್ಪಿದಂತೆಯೇ. ಮೇಲಿನ ಕಚೇರಿಯಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ಫೋರ್ಮನ್‌ಗೆ ಮೈಯೆಲ್ಲ ಉರಿದುಹೋಯಿತು.

"ಅರ್ಜಿ ಅಂದ್ರೆ ಮಾರು ದೂರ ಓಡೋರು ನೀವು. ಈಗ ಪ್ರಶಸ್ತಿಗೆ ಬರೀತೀರಾ?" ಎಂದಳು ಹೆಂಡತಿ.

"ಬರೀತೀನಿ. ಮಾತು ನಂದು, ಕಾಗುಣಿತ ನಿಂದು."

"ಆಯ್ತಪ್ಪಾ. ಬೈಗುಳಕ್ಕೂ ಕಾಗುಣಿತ ತಿದ್ದಬೇಕಾ, ಅಥವಾ ಅದನ್ನ ಹಾಗೇ ಬಿಡ್ಲಾ?"

ಬೈಗುಳವೆಲ್ಲ ತೆಗೆದು, ಹೊಗಳಿಕೆಯೆಲ್ಲ ತುಂಬಿ, ಇಬ್ಬರೂ ಸೇರಿ ಬರೆದು ಮುಗಿಸಿದರು. ಮರುದಿನ ಕಾರ್ಖಾನೆಯ ಟಪಾಲಿನ ಗುಮಾಸ್ತ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದ. "ಅಕ್ಕನ ಸಹಿ ಎಲ್ಲಿ?"

"ಇದು ಅಕ್ಕನ ಬಗ್ಗೆನೇ ಕಣಯ್ಯಾ!"

"ಅವರ ತಾತನ ಬಗ್ಗೆ ಇದ್ರೂ ಅಷ್ಟೇ, ಅಣ್ಣ. ಸಹಿ ಇಲ್ದೆ ಮೊಹರು ಒತ್ತಿದ್ರೆ ನನ್ನ ಕೆಲಸ ಹೋಗುತ್ತೆ."

ಬೇರೆ ದಾರಿಯೇ ಇರಲಿಲ್ಲ. ಫೋರ್ಮನ್ ಅಕ್ಕನ ಕೋಣೆಗೆ ಹೋಗಿ ಕಾಗದವನ್ನು ಮೇಜಿನ ಮೇಲೆ ಕುಕ್ಕಿದ. ಅಕ್ಕ ಕನ್ನಡಕ ಏರಿಸಿ ಓದತೊಡಗಿದಳು. ಕೆಂಪು ಪೆನ್ನಿಗೆ ಮೊದಲ ಸಾಲು ಹೋಯಿತು. ಎರಡನೆಯದೂ ಹೋಯಿತು.

"'ಇವರಂಥವರು ಭೂಮಿ ಮೇಲೇ ಇಲ್ಲ' ಅಂತೆ. ಭೂಮಿ ಪೂರ್ತಿ ಸುತ್ತಿ ಬಂದ್ಯೇನೋ ತಮ್ಮ?"

"ಹೊಡೀರಿ, ಹೊಡೀರಿ. ಆದ್ರೆ ಆ ಪೈಪಿನ ವಿಷಯ ಮಾತ್ರ ಮುಟ್ಟಬೇಡಿ."

ಅಕ್ಕನ ಪೆನ್ನು ಅಲ್ಲಿಗೇ ಬಂದು ನಿಂತಿತ್ತು. ಹಿಂದೊಮ್ಮೆ ಉಗಿಯ ಪೈಪು ಸಿಡಿದು ಫೋರ್ಮನ್‌ನ ಕೈಕೆಳಗಿನ ಫಿಟ್ಟರ್ ಸತ್ತಿದ್ದ. ಪೇಪರಿನವರು ಗೇಟಿಗೆ ಮುತ್ತಿಕೊಂಡಿದ್ದರು. ಕೆಲಸಗಾರನೇ ತಪ್ಪು ವಾಲ್ವು ತಿರುಗಿಸಿದ ಎಂದು ಹೇಳಿ ಕೈತೊಳೆದುಕೊಳ್ಳಲು ಮೇಲಿನಿಂದ ಅಪ್ಪಣೆಯಾಗಿತ್ತು. ಅಕ್ಕ ಹಿಂದಿನ ಗೇಟಿನಿಂದ ನೇರ ಫಿಟ್ಟರನ ಮನೆಗೆ ಹೋದಳು. ಸುದ್ದಿ ಮೊದಲು ಅವನ ಹೆಂಡತಿಗೆ ತಿಳಿಸಿ, ಆಮೇಲೆ ಬಂದು ಮೈಕಿನ ಮುಂದೆ ನಿಂತು, "ಪೈಪು ಹಳೆಯದಾಗಿತ್ತು. ಬದಲಿಸಿ ಅಂತ ಬಾಯ್ಲರ್ ವಿಭಾಗದವರು ಕೇಳಿದ್ದರು. ನಾವು ಬದಲಿಸಲಿಲ್ಲ," ಎಂದಳು. ಅಲ್ಲಿಂದೀಚೆಗೆ ಆಕೆಗೆ ಬಡ್ತಿಯ ಮುಖ ಕಾಣಿಸಲಿಲ್ಲ.

"ಇದು ಹೊರಗೆ ಹೋಗಲ್ಲ," ಎಂದಳು ಅಕ್ಕ.

"ಯಾಕೆ ಹೋಗಲ್ಲ? ಸುಳ್ಳಾ?"

"ನಿಜಾನೇ. ಆದ್ರೆ ಅದು ಫಿಟ್ಟರನ ಹೆಂಡತಿ ಮನೆಯ ಸಾವು, ನನ್ನ ಸಾಧನೆ ಅಲ್ಲ. ಅವಳನ್ನ ಕೇಳಿದ್ಯಾ?"

ಫೋರ್ಮನ್ ಕೇಳಿರಲಿಲ್ಲ. ಸಿಟ್ಟಿಗೆ ಮೇಜು ಗುದ್ದಿದ. ಲೋಟ ಉರುಳಿ ನೀರು ಚೆಲ್ಲಿತು. "ಕೇಳ್ಕೊಂಡೇ ಬರ್ತೀನಿ. ಆಗ್ಲೂ ಹೊಡೆದ್ರೆ ಆ ಪೆನ್ನನ್ನ ಬಾಯ್ಲರಿಗೆ ಹಾಕ್ತೀನಿ!"

"ಮೊದ್ಲು ಈ ನೀರು ಒರೆಸು," ಎಂದಳು ಅಕ್ಕ.

ಫಿಟ್ಟರನ ಹೆಂಡತಿ ಈಗ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಫೋರ್ಮನ್ ನಿಂತೇ ಎಲ್ಲವನ್ನೂ ಹೇಳಿದ. ಆಕೆ ಹೊಲಿಗೆ ಕೊನೆ ಮುಟ್ಟುವವರೆಗೂ ಮೆಷಿನ್ ನಿಲ್ಲಿಸಲಿಲ್ಲ. ಆಮೇಲೆ ಕೇಳಿದಳು:

"ಅವತ್ತು ಅಕ್ಕ ನಮ್ಮನೇಲಿ ಏನೇನು ಮಾಡಿದ್ರು ಅಂತ ಬರೆದಿದ್ದೀರಾ, ಅಣ್ಣ?"

"ಸುದ್ದಿ ಹೇಳಿದ್ರು ಅಂತ."

"ಅಷ್ಟೇನಾ? ನಮ್ಮತ್ತೇನ ತಬ್ಕೊಂಡು ಕೂತಿದ್ರು. ಮನೆಗೆ ನೀರು ತುಂಬಿಸಿದ್ರು. ಫೋಟೋದವನು ಬಾಗ್ಲಿಗೇ ಬಂದ. 'ಇವಳ ಮುಖ ಪೇಪರಲ್ಲಿ ಬಂದ್ರೆ ನನ್ನಿಂದ ನಿಂಗೆ ಇನ್ನೊಂದು ಸುದ್ದಿ ಸಿಗಲ್ಲ' ಅಂದು ಅವನನ್ನ ಅಟ್ಟಿದ್ರು. ನಾನು ಅಳ್ತಾ ಇರೋದನ್ನ ಊರು ನೋಡ್ಲಿಲ್ಲ. ಇದನ್ನ ಬರೀರಿ." ಕತ್ತಿನ ಟೇಪು ತೆಗೆದಿಟ್ಟು ಎದ್ದಳು. "ನೀವು ಹೋಗಿ ಹೇಳಿದ್ರೆ ಜಗಳವಾಗುತ್ತೆ. ನಾನೇ ಬರ್ತೀನಿ."

ಅವಳು ಹೇಳಿದ್ದನ್ನು ಅಲ್ಲೇ ಕಾಗದಕ್ಕೆ ಸೇರಿಸಿಕೊಂಡು ಇಬ್ಬರೂ ಕಾರ್ಖಾನೆಗೆ ಬಂದರು. ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು. ಪೆನ್ನಿನ ಮುಚ್ಚಳ ತೆಗೆದಾಗ ಫೋರ್ಮನ್ ಹಲ್ಲು ಕಚ್ಚಿದ.

"ಅಕ್ಕ," ಎಂದಳು ಹೊಲಿಗೆಯವಳು. "ಅವತ್ತು ನನಗೆ ಹೇಳದೆ ನೀವು ಯಾರಿಗೂ ಏನೂ ಹೇಳ್ಲಿಲ್ಲ. ಈಗ ನಾನು ಹೇಳ್ತಿದ್ದೀನಿ. ಹೇಳೋಕೆ ಬಿಡಿ."

ಅಕ್ಕ ಪೆನ್ನಿನ ತುದಿಯನ್ನು ಒಂದು ಸಾಲಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ನೀರು ತುಂಬಿಸಿದ್ದು ನಾನಲ್ಲ ಕಣೇ. ಪಕ್ಕದ ಮನೆಯವಳು." ಆ ಮಾತೊಂದನ್ನು ಹೊಡೆದು, ಮೂಲೆಯಲ್ಲಿ ಸಹಿ ಹಾಕಿದಳು.

ಫೋರ್ಮನ್‌ಗೆ ಟಪಾಲಿನ ಮೇಲೆ ನಂಬಿಕೆ ಬರಲಿಲ್ಲ. ಮೊಹರು ಒತ್ತಿಸಿಕೊಂಡು ತಾನೇ ಸಂಘದ ಕಚೇರಿಗೆ ಹೋದ. ಅಲ್ಲಿದ್ದವನು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇಷ್ಟೇನಾ? ಉಳಿದವರದ್ದೆಲ್ಲ ಕಟ್ಟುಗಟ್ಟಲೆ ಬಂದಿದೆ. ಇಟ್ಟು ಹೋಗಿ, ಆಮೇಲೆ ನೋಡ್ತೀವಿ."

"ಇಷ್ಟೇ. ಈಗ್ಲೇ ಓದಿ," ಎಂದು ಫೋರ್ಮನ್ ಕುರ್ಚಿ ಎಳೆದುಕೊಂಡು ಎದುರಿಗೇ ಕೂತ.

ಕಚೇರಿಯವನು ಗಡಿಯಾರ ನೋಡಿದ, ಬಾಗಿಲು ನೋಡಿದ, ಫೋರ್ಮನ್‌ನ ಮುಖ ನೋಡಿದ. ಕೊನೆಗೆ ಹಾಳೆಯನ್ನು ಸರಿಯಾಗಿ ಹಿಡಿದು ಮೊದಲ ಸಾಲಿನಿಂದ ಓದತೊಡಗಿದ.